ಇಲ್ಲದ ಜ್ವಾಲಾಮುಖಿ ಕಂಡರು, ಇದ್ದದ್ದು ತಿಳಿಯಲೇ ಇಲ್ಲ: ಶನಿಯ ಹಿಮಚಂದ್ರನನ್ನು ಪತ್ತೆ ಮಾಡಿದ ವಿಲಿಯಂ ಹರ್ಷೆಲ್ ಕಥೆ

ಶನಿಗ್ರಹದ ಸುತ್ತ ಒಂದು ಪುಟ್ಟ ಚಂದ್ರ ತಿರುಗುತ್ತಿದೆ. ಹೆಸರು ಎನ್ಸೆಲಾಡಸ್. ಅಡ್ಡಗಲ ಬರೀ 504 ಕಿಲೋಮೀಟರ್. ಅಂದರೆ ನಮ್ಮ ಚಂದ್ರನ ಏಳನೇ ಒಂದು ಭಾಗದಷ್ಟು. ಮೈತುಂಬ ಬೆಳ್ಳನೆಯ ಹಿಮ, ಮೇಲ್ಮೈಯಲ್ಲಿ ಮೈನಸ್ 200 ಡಿಗ್ರಿ ಚಳಿ. ಆದರೂ ಅದರ ದಕ್ಷಿಣ ಧ್ರುವದಿಂದ ನೀರಾವಿ ಮತ್ತು ಹಿಮದ ಕಣಗಳು ಕಾರಂಜಿಯಂತೆ ಆಕಾಶಕ್ಕೆ ಚಿಮ್ಮುತ್ತಲೇ ಇವೆ. ಭೂಮಿಯಾಚೆ ಜೀವ ಇರಬಹುದಾದ ಜಾಗಗಳ ಪಟ್ಟಿ ಮಾಡಿದರೆ ವಿಜ್ಞಾನಿಗಳು ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಾರೆ.

ಈ ಚಂದ್ರನನ್ನು ಮೊದಲು ಗುರುತಿಸಿದವರು ವಿಲಿಯಂ ಹರ್ಷೆಲ್, 1789ರಲ್ಲಿ. ಅವರಿಗೆ ಕಂಡಿದ್ದು ಒಂದು ಬೆಳಕಿನ ಚುಕ್ಕಿ ಮಾತ್ರ. ವಿಚಿತ್ರ ಏನೆಂದರೆ, ಅದಕ್ಕೆ ಎರಡು ವರ್ಷ ಮೊದಲು ಇದೇ ಹರ್ಷೆಲ್ ನಮ್ಮ ಚಂದ್ರನ ಮೇಲೆ ಜ್ವಾಲಾಮುಖಿ ಉರಿಯುತ್ತಿದೆ ಎಂದು ಜಗತ್ತಿಗೆ ವರದಿ ಮಾಡಿದ್ದರು. ಅಲ್ಲಿ ಜ್ವಾಲಾಮುಖಿ ಇರಲಿಲ್ಲ. ಇದ್ದ ಚಂದ್ರ ಕಣ್ಣಿಗೆ ಬಿದ್ದಾಗ ಅದರ ಗುಟ್ಟು ಅವರಿಗೆ ತಿಳಿಯಲಿಲ್ಲ.

ಬ್ಯಾಂಡ್ ವಾದಕನ ಮಗ

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಇಂದಿನ ಜರ್ಮನಿಯ ಹ್ಯಾನೋವರ್ ನಗರದಲ್ಲಿ. ತಂದೆ ಐಸಾಕ್ ಸೇನೆಯ ಬ್ಯಾಂಡ್‌ನಲ್ಲಿ ಓಬೋ ಎಂಬ ಊದುವ ವಾದ್ಯ ನುಡಿಸುತ್ತಿದ್ದರು. ಮನೆಯಲ್ಲಿ ಹಣ ಕಡಿಮೆ, ಸಂಗೀತ ಮತ್ತು ಚರ್ಚೆ ಜಾಸ್ತಿ. ವಿಲಿಯಂ ಹದಿನಾಲ್ಕನೇ ವಯಸ್ಸಿಗೇ ಅಪ್ಪನ ಜೊತೆ ಅದೇ ಬ್ಯಾಂಡ್ ಸೇರಿದರು.

1757ರ ಜುಲೈನಲ್ಲಿ ಹಾಸ್ಟೆನ್‌ಬೆಕ್ ಎಂಬಲ್ಲಿ ನಡೆದ ಯುದ್ಧದಲ್ಲಿ ಫ್ರೆಂಚರ ಎದುರು ಹ್ಯಾನೋವರ್ ಕಡೆಯವರಿಗೆ ಸೋಲಾಯಿತು. ಮಕ್ಕಳ ಜೀವ ಉಳಿದರೆ ಸಾಕು ಎಂದುಕೊಂಡ ತಂದೆ ವಿಲಿಯಂ ಮತ್ತು ಅಣ್ಣ ಯಾಕೋಬ್ ಇಬ್ಬರನ್ನೂ ಇಂಗ್ಲೆಂಡ್‌ಗೆ ಕಳಿಸಿದರು. ಆಗ ಇಂಗ್ಲೆಂಡ್ ಮತ್ತು ಹ್ಯಾನೋವರ್ ಎರಡಕ್ಕೂ ಒಬ್ಬರೇ ದೊರೆ.

ಹತ್ತೊಂಬತ್ತರ ಹುಡುಗನಿಗೆ ಲಂಡನ್‌ನಲ್ಲಿ ಸಿಕ್ಕ ಮೊದಲ ಕೆಲಸ, ಬೇರೆಯವರ ಸಂಗೀತದ ಸ್ವರಲಿಪಿಯನ್ನು ನಕಲು ಮಾಡುವುದು. ಮುಂದೆ ಉತ್ತರ ಇಂಗ್ಲೆಂಡ್‌ನ ಊರೂರು ಸುತ್ತಿ ಪಾಠ ಹೇಳಿದರು, ಕಛೇರಿ ನಡೆಸಿದರು, ಸಿಂಫನಿಗಳನ್ನು ರಚಿಸಿದರು. 1766ರಲ್ಲಿ ಬಾತ್ ನಗರದ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ವಾದಕರ ಹುದ್ದೆ ಸಿಕ್ಕಿತು. ಶ್ರೀಮಂತರು ಬಂದು ತಂಗುವ ಊರು ಅದು. ವಾರಕ್ಕೆ ಮೂವತ್ತಕ್ಕೂ ಹೆಚ್ಚು ಸಂಗೀತ ಪಾಠ, ಒಳ್ಳೆಯ ಸಂಪಾದನೆ. ಬದುಕು ಅಲ್ಲಿಗೇ ನೆಲೆ ನಿಂತಿದ್ದರೆ ಬಾತ್‌ನ ಒಬ್ಬ ಒಳ್ಳೆಯ ಸಂಗೀತ ಮೇಷ್ಟ್ರು ಎಂದಷ್ಟೇ ಅವರ ಹೆಸರು ಉಳಿಯುತ್ತಿತ್ತು.

ಅಡುಗೆಮನೆಯಿಂದ ಬಂದ ತಂಗಿ

ಹ್ಯಾನೋವರ್‌ನಲ್ಲಿ ಉಳಿದಿದ್ದ ತಂಗಿ ಕ್ಯಾರೋಲಿನ್ ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಹತ್ತನೇ ವಯಸ್ಸಿನಲ್ಲಿ ಬಂದ ಟೈಫಸ್ ಜ್ವರದಿಂದ ಅವರ ಬೆಳವಣಿಗೆ ನಿಂತುಹೋಯಿತು. ಎತ್ತರ ನಾಲ್ಕು ಅಡಿ ಮೂರು ಇಂಚು ದಾಟಲಿಲ್ಲ. ಇವಳಿಗೆ ಮದುವೆಯಾಗುವುದಿಲ್ಲ, ಮನೆಗೆಲಸಕ್ಕೆ ಇರಲಿ ಎಂದು ತಾಯಿ ತೀರ್ಮಾನಿಸಿಬಿಟ್ಟಿದ್ದರು.

1772ರಲ್ಲಿ ವಿಲಿಯಂ ಊರಿಗೆ ಹೋಗಿ ತಂಗಿಯನ್ನು ಬಾತ್‌ಗೆ ಕರೆತಂದರು. ಮಗಳು ಹೋದರೆ ಮನೆಗೆಲಸ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಎದ್ದಾಗ, ಕೆಲಸದಾಕೆಯನ್ನು ಇಟ್ಟುಕೊಳ್ಳಲು ತಾಯಿಗೆ ಹಣ ಗೊತ್ತುಮಾಡಿಕೊಟ್ಟೇ ಬಂದರು. ಕ್ಯಾರೋಲಿನ್ ಹಾಡು ಕಲಿತು ಅಣ್ಣನ ಕಛೇರಿಗಳಲ್ಲಿ ಪ್ರಮುಖ ಗಾಯಕಿಯಾದರು. ಅಷ್ಟರಲ್ಲಿ ಅಣ್ಣನಿಗೆ ಆಕಾಶದ ಹುಚ್ಚು ಹಿಡಿದಿತ್ತು.

ಆ ಹುಚ್ಚು ಬಂದಿದ್ದೂ ಸಂಗೀತದ ದಾರಿಯಿಂದಲೇ. ಸ್ವರಗಳ ಗಣಿತದ ಬಗ್ಗೆ ರಾಬರ್ಟ್ ಸ್ಮಿತ್ ಎಂಬವರು ಬರೆದ ಪುಸ್ತಕ ಓದಿದ ಹರ್ಷೆಲ್, ಬೆಳಕಿನ ಬಗ್ಗೆ ಅದೇ ಲೇಖಕರು ಬರೆದ ಪುಸ್ತಕಕ್ಕೆ ಕೈ ಹಾಕಿದರು. ಅದರಲ್ಲಿ ದೂರದರ್ಶಕ ತಯಾರಿಸುವ ವಿಧಾನ ಇತ್ತು. ಒಳ್ಳೆಯ ಟೆಲಿಸ್ಕೋಪ್ ಕೊಳ್ಳುವಷ್ಟು ಹಣ ಇರಲಿಲ್ಲ. ಹಾಗಾಗಿ ತಾವೇ ಮಾಡಲು ಕುಳಿತರು.

ಗಾಜಿನ ಕನ್ನಡಿಗಳ ಕಾಲ ಅದಲ್ಲ. ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು, ಆ ಲೋಹದ ಬಿಲ್ಲೆಯನ್ನು ತಿಕ್ಕಿ ತಿಕ್ಕಿ ಹೊಳಪು ತರಬೇಕಿತ್ತು. ಹೊಳಪು ಕೊಡುವಾಗ ನಡುವೆ ಕೈ ಬಿಟ್ಟರೆ ಕನ್ನಡಿ ಕೆಟ್ಟಿತು. ಒಮ್ಮೆ ಹರ್ಷೆಲ್ ಹದಿನಾರು ಗಂಟೆ ಕೈ ತೆಗೆಯದೆ ಉಜ್ಜಿದರು. ಅಣ್ಣ ಹಸಿವಿನಿಂದ ಬೀಳದಿರಲೆಂದು ಕ್ಯಾರೋಲಿನ್ ಪಕ್ಕದಲ್ಲಿ ನಿಂತು ತುತ್ತು ತುತ್ತಾಗಿ ಬಾಯಿಗೆ ಇಡುತ್ತಿದ್ದರು. ಇಂಥ ಕೆಲಸದ ಬೇಸರ ಕಳೆಯಲು ಕಥೆ ಓದಿ ಹೇಳುತ್ತಿದ್ದರು. ಅವರು ಓದುತ್ತಿದ್ದ ಪುಸ್ತಕಗಳಲ್ಲಿ ಅರೇಬಿಯನ್ ನೈಟ್ಸ್ ಕೂಡ ಒಂದು. ಈ ಪುಸ್ತಕದ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ರಾತ್ರೋರಾತ್ರಿ ಬದಲಾದ ಅದೃಷ್ಟ

1781ರ ಮಾರ್ಚ್ 13ರ ರಾತ್ರಿ ಬಾತ್‌ನ ನ್ಯೂ ಕಿಂಗ್ ಸ್ಟ್ರೀಟ್‌ನ ಮನೆಯ ಹಿತ್ತಲಲ್ಲಿ ಹರ್ಷೆಲ್ ತಮ್ಮ ಏಳು ಅಡಿ ಉದ್ದದ ದೂರದರ್ಶಕದಿಂದ ನಕ್ಷತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಒಂದು ನಕ್ಷತ್ರ ಚುಕ್ಕಿಯಂತಿರದೆ ಸಣ್ಣ ಬಿಲ್ಲೆಯಂತೆ ಕಂಡಿತು. ಧೂಮಕೇತು ಇರಬೇಕು ಅಂದುಕೊಂಡರು. ಯುರೋಪಿನ ಗಣಿತಜ್ಞರು ಲೆಕ್ಕ ಹಾಕಿದಾಗ ಅದು ಶನಿಯಿಂದಾಚೆ ಇರುವ ಹೊಸ ಗ್ರಹ ಎಂದು ಗೊತ್ತಾಯಿತು. ಅದೇ ಯುರೇನಸ್. ಇತಿಹಾಸ ಬರೆಯಲು ಶುರು ಮಾಡಿದ ಮೇಲೆ ಮನುಷ್ಯ ಪತ್ತೆ ಮಾಡಿದ ಮೊದಲ ಗ್ರಹ.

ಹರ್ಷೆಲ್ ಅದಕ್ಕೆ ದೊರೆ ಮೂರನೇ ಜಾರ್ಜ್ ಹೆಸರಿಟ್ಟರು. ಆ ಹೆಸರು ನಿಲ್ಲಲಿಲ್ಲ, ಆದರೆ ದೊರೆಯ ಕೃಪೆ ಸಿಕ್ಕಿತು. 1782ರಲ್ಲಿ ವರ್ಷಕ್ಕೆ 200 ಪೌಂಡ್ ಸಂಬಳದ ಮೇಲೆ ದೊರೆಯ ಖಾಸಗಿ ಖಗೋಳಜ್ಞರಾಗಿ ನೇಮಕವಾದರು. ಸಂಗೀತದಿಂದ ಬರುತ್ತಿದ್ದ ಆದಾಯಕ್ಕಿಂತ ಇದು ಕಡಿಮೆ. ಆದರೂ ಸಂಗೀತ ಬಿಟ್ಟು ಹೊರಟರು. ಅಣ್ಣನ ಜೊತೆ ತಂಗಿಯ ಹಾಡೂ ನಿಂತಿತು. ಬೇರೆ ಊರಿನ ಸಂಗೀತೋತ್ಸವದಿಂದ ಕರೆ ಬಂದಾಗಲೂ, ಅಣ್ಣ ನಡೆಸುವ ಕಛೇರಿ ಬಿಟ್ಟು ಬೇರೆಡೆ ಹಾಡುವುದಿಲ್ಲ ಎಂದು ಕ್ಯಾರೋಲಿನ್ ಹಿಂದೆಯೇ ನಿರಾಕರಿಸಿದ್ದರು.

ಈ ಹೊಸ ಬದುಕಿನ ಬೆಲೆ ಇಬ್ಬರಿಗೂ ಗೊತ್ತಿತ್ತು. 1781ರಲ್ಲಿ ಮನೆಯಲ್ಲೇ ದೊಡ್ಡ ಕನ್ನಡಿ ಎರಕ ಹೊಯ್ಯುವಾಗ ಅಚ್ಚು ಸೋರಿ ಕುದಿಯುವ ಲೋಹ ನೆಲಕ್ಕೆ ಹರಿಯಿತು. ಬಿಸಿಗೆ ಹಾಸುಗಲ್ಲುಗಳು ಸಿಡಿದವು, ಎಲ್ಲರೂ ಓಡಿ ಜೀವ ಉಳಿಸಿಕೊಂಡರು. 1783ರ ಡಿಸೆಂಬರ್ 31ರ ರಾತ್ರಿ ಹಿಮ ಬಿದ್ದ ನೆಲದಲ್ಲಿ ಓಡುತ್ತಿದ್ದ ಕ್ಯಾರೋಲಿನ್ ಜಾರಿ ಬಿದ್ದು, ಯಂತ್ರದ ಕಬ್ಬಿಣದ ಕೊಕ್ಕೆ ತೊಡೆಗೆ ಚುಚ್ಚಿಕೊಂಡಿತು. ಬಿಡಿಸುವಾಗ ಮಾಂಸವೇ ಕಿತ್ತು ಬಂತು.

1786ರಲ್ಲಿ ಕ್ಯಾರೋಲಿನ್ ಸ್ವಂತವಾಗಿ ಒಂದು ಧೂಮಕೇತು ಪತ್ತೆ ಮಾಡಿದರು. ಮುಂದಿನ ವರ್ಷ ದೊರೆ ಅವರಿಗೆ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತುಮಾಡಿದರು. ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು.

ಚಂದ್ರನ ಮೇಲೆ ಬೆಂಕಿ?

1787ರ ಏಪ್ರಿಲ್‌ನಲ್ಲಿ ಹರ್ಷೆಲ್ ಬಿದಿಗೆ ತದಿಗೆಯ ಎಳೆಚಂದ್ರನತ್ತ ದೂರದರ್ಶಕ ತಿರುಗಿಸಿದರು. ಬಿಸಿಲು ಬೀಳದ ಕತ್ತಲ ಭಾಗದಲ್ಲಿ ಮೂರು ಕಡೆ ಕೆಂಡದಂಥ ಹೊಳಪು ಕಂಡಿತು. ಮೂರೂ ಜ್ವಾಲಾಮುಖಿಗಳು, ಅದರಲ್ಲಿ ಒಂದು ಈಗಲೇ ಬೆಂಕಿ ಉಗುಳುತ್ತಿದೆ ಎಂದು ಅವರು ರಾಯಲ್ ಸೊಸೈಟಿಗೆ ವರದಿ ಕೊಟ್ಟರು. ಆ ಕಾಲದ ಅತಿ ಒಳ್ಳೆಯ ದೂರದರ್ಶಕ ಇದ್ದವರ ಮಾತು, ನಂಬದೇ ಇರುವುದು ಹೇಗೆ?

ಅಲ್ಲಿ ಬೆಂಕಿ ಇರಲಿಲ್ಲ. ಸೂರ್ಯನ ಬೆಳಕು ಭೂಮಿಗೆ ಬಡಿದು, ಅಲ್ಲಿಂದ ಚಂದ್ರನ ಕತ್ತಲ ಭಾಗಕ್ಕೆ ಮಂದವಾಗಿ ಬೀಳುತ್ತದೆ. ಸುತ್ತಲಿನ ನೆಲಕ್ಕಿಂತ ಬಿಳುಪಾದ ಅರಿಸ್ಟಾರ್ಕಸ್‌ನಂಥ ಕುಳಿಗಳು ಆ ಬೆಳಕಿನಲ್ಲಿ ಮಿನುಗುತ್ತವೆ. ಹರ್ಷೆಲ್ ಕಂಡಿದ್ದು ಅದನ್ನೇ ಎಂಬುದು ಇಂದಿನ ವಿವರಣೆ. ಚಂದ್ರನಲ್ಲಿ ಜನ ಇದ್ದಾರೆ, ಸೂರ್ಯನ ಒಳಗೂ ವಾಸಕ್ಕೆ ತಕ್ಕ ನೆಲ ಇದೆ ಎಂದೆಲ್ಲ ಅವರು ನಂಬಿದ್ದರು. ಕಣ್ಣಿಗೆ ಕಂಡಿದ್ದನ್ನು ಅವರು ಸರಿಯಾಗಿಯೇ ಬರೆದಿಡುತ್ತಿದ್ದರು. ಅದರ ಅರ್ಥ ಹೇಳಲು ಹೋದಾಗ ಕೆಲವೊಮ್ಮೆ ಎಡವುತ್ತಿದ್ದರು.

ನಲವತ್ತು ಅಡಿಯ ದೈತ್ಯ

ಆ ಹೊತ್ತಿಗೆ ಸ್ಲೌ ಎಂಬ ಊರಿನ ಮನೆಯಂಗಳದಲ್ಲಿ ಒಂದು ದೈತ್ಯ ಎದ್ದು ನಿಲ್ಲುತ್ತಿತ್ತು. ಕೊಳವೆಯ ಉದ್ದ 40 ಅಡಿ, ಕನ್ನಡಿಯ ಅಡ್ಡಗಲ 48 ಇಂಚು, ಕನ್ನಡಿಯ ತೂಕವೇ ಸುಮಾರು ಒಂದು ಟನ್. ದೊರೆ ಎರಡು ಕಂತಿನಲ್ಲಿ ಕೊಟ್ಟ ಹಣ ಒಟ್ಟು 4,000 ಪೌಂಡ್. ಮೊದಲು ಎರಕ ಹೊಯ್ದ ಕನ್ನಡಿ ತೆಳುವಾಯಿತು, ಇನ್ನೊಂದು ತಣಿಯುವಾಗ ಬಿರುಕು ಬಿಟ್ಟಿತು. ಮತ್ತೆ ಹೊಯ್ದರು. ಕೊಳವೆ ಇನ್ನೂ ನೆಲದ ಮೇಲಿದ್ದಾಗ ದೊರೆ ಅದರೊಳಗೇ ನಡೆದು ನೋಡಿದ್ದುಂಟು.

1789ರಲ್ಲಿ ದೂರದರ್ಶಕ ಸಿದ್ಧವಾದಾಗ ಆಕಾಶವೂ ಸಹಕರಿಸಿತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಶನಿಯ ಉಂಗುರಗಳು ನಮ್ಮ ಕಡೆಗೆ ಅಂಚು ಮಾಡಿ ನಿಲ್ಲುತ್ತವೆ. ಆಗ ಅವು ಗೆರೆಯಷ್ಟು ತೆಳುವಾಗಿ ಕಾಣುತ್ತವೆ. ಉಂಗುರದ ಹೊಳಪು ತಗ್ಗಿದಾಗ ಹತ್ತಿರದ ಸಣ್ಣ ಚಂದ್ರರನ್ನು ಗುರುತಿಸುವುದು ಸುಲಭ. 1789 ಅಂಥ ವರ್ಷ.

ಆಗಸ್ಟ್ 28ರ ರಾತ್ರಿ ಹರ್ಷೆಲ್ ದೈತ್ಯ ಕೊಳವೆಯನ್ನು ಶನಿಯತ್ತ ತಿರುಗಿಸಿದರು. ಅಲ್ಲಿಯವರೆಗೆ ಶನಿಗೆ ಐದು ಚಂದ್ರರು ಎಂದೇ ಲೆಕ್ಕ. ಕೊನೆಯ ಎರಡನ್ನು ಜಿಯೋವಾನಿ ಕ್ಯಾಸಿನಿ ಕಂಡು ನೂರಾ ಐದು ವರ್ಷ ಕಳೆದಿತ್ತು. ಈಗ ಆರನೆಯದು ಸ್ಪಷ್ಟವಾಗಿ ಕಂಡಿತು. ಸಣ್ಣ ದೂರದರ್ಶಕದಲ್ಲಿ ಎರಡು ವರ್ಷ ಹಿಂದೆಯೇ ಅದು ಸುಳಿದಿತ್ತು, ಖಚಿತವಾಗಿರಲಿಲ್ಲ. ಅದೇ ಎನ್ಸೆಲಾಡಸ್. ಸೆಪ್ಟೆಂಬರ್ 17ರಂದು ಏಳನೆಯ ಚಂದ್ರ ಮಿಮಾಸ್ ಕೂಡ ಸಿಕ್ಕಿತು.

ಅಷ್ಟು ಖರ್ಚಿನ ದೈತ್ಯ ಆಮೇಲೆ ನಿರೀಕ್ಷಿಸಿದಷ್ಟು ಕೆಲಸಕ್ಕೆ ಬರಲಿಲ್ಲ. ತಿರುಗಿಸಲು ಆಳುಗಳು ಬೇಕು, ಇಂಗ್ಲೆಂಡ್‌ನ ತೇವಕ್ಕೆ ಕನ್ನಡಿ ಬೇಗ ಮಾಸುತ್ತಿತ್ತು, ಶುಭ್ರ ರಾತ್ರಿಗಳು ಕಡಿಮೆ. ಹರ್ಷೆಲ್ ಹೆಚ್ಚಿನ ಕೆಲಸ ಮಾಡಿದ್ದು ಇಪ್ಪತ್ತು ಅಡಿಯ ಹಳೆಯ ದೂರದರ್ಶಕದಲ್ಲೇ. ಎರಡೂವರೆ ಸಾವಿರದಷ್ಟು ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿ ತಯಾರಾಗಿದ್ದು ಅದರಿಂದಲೇ. ಅಣ್ಣ ಮೇಲೆ ನಿಂತು ಕಂಡಿದ್ದನ್ನು ಕೂಗಿ ಹೇಳುತ್ತಿದ್ದರು, ತಂಗಿ ಕೆಳಗೆ ದೀಪದ ಮುಂದೆ ಕುಳಿತು ಬರೆದುಕೊಳ್ಳುತ್ತಿದ್ದರು.

ಎನ್ಸೆಲಾಡಸ್ ಸಿಕ್ಕ ಹೊತ್ತಿಗೆ ಅಣ್ಣ ತಂಗಿಯ ನಡುವೆ ಒಂದು ಬದಲಾವಣೆ ಆಗಿತ್ತು. 1788ರ ಮೇ ತಿಂಗಳಲ್ಲಿ ಹರ್ಷೆಲ್ ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾದರು. ಹದಿನಾರು ವರ್ಷ ಅಣ್ಣನ ಮನೆ ನಡೆಸಿದ್ದ ಕ್ಯಾರೋಲಿನ್ ಬೇರೆ ಬಾಡಿಗೆ ಕೋಣೆಗೆ ಹೋದರು. ದಿನಾ ಬಂದು ಕೆಲಸ ಮುಗಿಸಿ ಮರಳುತ್ತಿದ್ದರು. ಆ ನಂತರದ ಸುಮಾರು ಹತ್ತು ವರ್ಷಗಳ ತಮ್ಮ ದಿನಚರಿಯನ್ನು ಮುಂದೆ ಅವರೇ ನಾಶ ಮಾಡಿದರು. ಅತ್ತಿಗೆ ಮತ್ತು ನಾದಿನಿ ವರ್ಷಗಳು ಕಳೆದಂತೆ ಹೊಂದಿಕೊಂಡರು. ಆದರೆ ಶನಿಯ ಎರಡು ಚಂದ್ರರು ಸಿಕ್ಕ ಆ ವರ್ಷ ಕ್ಯಾರೋಲಿನ್ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವ ದಿನಚರಿಯೇ ಇಲ್ಲ.

ಕಾಣದ ಬೆಳಕು

1800ರಲ್ಲಿ ಹರ್ಷೆಲ್ ಸೂರ್ಯನನ್ನು ನೋಡಲು ಬಣ್ಣದ ಗಾಜುಗಳನ್ನು ಪರೀಕ್ಷಿಸುತ್ತಿದ್ದರು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆ ಬಂದರೂ ಕಣ್ಣಿಗೆ ಬಿಸಿ ತಟ್ಟುತ್ತಿತ್ತು. ಯಾವ ಬಣ್ಣದಲ್ಲಿ ಎಷ್ಟು ಶಾಖ ಇದೆ ನೋಡೋಣ ಎಂದು ಪ್ರಿಸಂನಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದರಲ್ಲೂ ಥರ್ಮಾಮೀಟರ್ ಇಟ್ಟರು. ಕೆಂಪು ಮುಗಿದ ಮೇಲೆ, ಕಣ್ಣಿಗೆ ಯಾವ ಬಣ್ಣವೂ ಕಾಣದ ಜಾಗದಲ್ಲೂ ಪಾದರಸ ಏರಿತು. ಕಣ್ಣಿಗೆ ಕಾಣದ ಬೆಳಕೂ ಇದೆ ಎಂದು ಜಗತ್ತಿಗೆ ಗೊತ್ತಾಗಿದ್ದು ಹೀಗೆ. ಇಂದು ಅದನ್ನು ಅವಕೆಂಪು ಕಿರಣ, ಇನ್‌ಫ್ರಾರೆಡ್ ಎನ್ನುತ್ತೇವೆ.

1822ರ ಆಗಸ್ಟ್ 25ರಂದು ಸ್ಲೌನಲ್ಲಿ ಹರ್ಷೆಲ್ ತೀರಿಕೊಂಡರು. ವಯಸ್ಸು 83. ಯುರೇನಸ್ ಸೂರ್ಯನನ್ನು ಒಂದು ಸುತ್ತು ಹಾಕಲು ಹಿಡಿಯುವ ಕಾಲವೂ ಸುಮಾರು ಅಷ್ಟೇ, 84 ವರ್ಷ. ಕ್ಯಾರೋಲಿನ್ ಹ್ಯಾನೋವರ್‌ಗೆ ಮರಳಿ ಅಣ್ಣನ ಪಟ್ಟಿಗಳನ್ನು ಒಪ್ಪಓರಣ ಮಾಡಿದರು. 1828ರಲ್ಲಿ ಅವರಿಗೆ ಲಂಡನ್‌ನ ಖಗೋಳ ಸಂಘದ ಚಿನ್ನದ ಪದಕ ಬಂತು. 97 ವರ್ಷ ಬದುಕಿ 1848ರಲ್ಲಿ ಕಣ್ಣು ಮುಚ್ಚಿದರು.

ಹರ್ಷೆಲ್ ತಮ್ಮ ಎರಡು ಚಂದ್ರರಿಗೆ ಹೆಸರೇ ಇಟ್ಟಿರಲಿಲ್ಲ, ಬರೀ ಸಂಖ್ಯೆ. ಮಗ ಜಾನ್ ಹರ್ಷೆಲ್ 1847ರಲ್ಲಿ ಶನಿಯ ಚಂದ್ರರಿಗೆಲ್ಲ ಗ್ರೀಕ್ ಪುರಾಣದ ಹೆಸರುಗಳನ್ನು ಸೂಚಿಸಿದರು. ಪುರಾಣದಲ್ಲಿ ಎನ್ಸೆಲಾಡಸ್ ಒಬ್ಬ ರಾಕ್ಷಸ. ದೇವತೆಗಳ ಜೊತೆ ಕಾದಾಡಿ ಸೋತು, ಸಿಸಿಲಿ ದ್ವೀಪದ ಎಟ್ನಾ ಜ್ವಾಲಾಮುಖಿಯ ಕೆಳಗೆ ಹೂತುಹೋದವನು. ಎಟ್ನಾ ಉಗುಳುವ ಬೆಂಕಿ ಅವನ ಉಸಿರು ಎಂಬುದು ಹಳೆಯ ನಂಬಿಕೆ. ಜಾನ್‌ಗೆ ಆ ಚಂದ್ರನ ಒಳಗೇನಿದೆ ಎಂಬ ಸುಳಿವೂ ಇರಲಿಲ್ಲ. ಅಂದಹಾಗೆ, ಜಾನ್ ಮಗ ವಿಲಿಯಂ ಜೇಮ್ಸ್ ಹರ್ಷೆಲ್ ಬಂಗಾಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದಾಗ ಕರಾರು ಪತ್ರಗಳ ಮೇಲೆ ಕೈಗುರುತು, ಬೆರಳಚ್ಚು ಹಾಕಿಸಿಕೊಳ್ಳಲು ಶುರು ಮಾಡಿದವರು.

ಹಿಮ ಉಗುಳುವ ಚಂದ್ರ

ಸುಮಾರು ಇನ್ನೂರು ವರ್ಷ ಎನ್ಸೆಲಾಡಸ್ ಚುಕ್ಕಿಯಾಗಿಯೇ ಉಳಿಯಿತು. 1980 ಮತ್ತು 1981ರಲ್ಲಿ ವಾಯೇಜರ್ ನೌಕೆಗಳು ಹತ್ತಿರ ಹಾದಾಗ, ಅದರ ಮೇಲ್ಮೈಯ ಕೆಲವು ಭಾಗಗಳಲ್ಲಿ ಕುಳಿಗಳೇ ಇಲ್ಲದೆ ನಯವಾಗಿರುವುದು ಕಂಡಿತು. ಹಳೆಯ ಕುಳಿಗಳನ್ನು ಏನೋ ಮುಚ್ಚಿಹಾಕಿದೆ ಎಂಬ ಅನುಮಾನ ಆಗ ಹುಟ್ಟಿತು.

ಉತ್ತರ ಸಿಕ್ಕಿದ್ದು 2005ರಲ್ಲಿ. ಕ್ಯಾಸಿನಿ ನೌಕೆ ಮೊದಲ ಬಾರಿ ಹತ್ತಿರ ಹೋದಾಗ, ಶನಿಯ ಕಾಂತಕ್ಷೇತ್ರ ಈ ಚಂದ್ರನ ಬಳಿ ಬಾಗಿರುವುದು ಉಪಕರಣಕ್ಕೆ ಗೊತ್ತಾಯಿತು. ಅಲ್ಲಿ ಏನೋ ಆವಿ ಇದೆ ಎಂದಾಯಿತು. ಜುಲೈ 14ರಂದು ನೌಕೆ 200 ಕಿ.ಮೀ.ಗಿಂತ ಕಡಿಮೆ ಎತ್ತರದಲ್ಲಿ ಹಾದು ಹೋಯಿತು. ದಕ್ಷಿಣ ಧ್ರುವದಲ್ಲಿ ನಾಲ್ಕು ಉದ್ದನೆಯ ಬಿರುಕುಗಳು, ಒಂದೊಂದೂ ಸುಮಾರು 130 ಕಿ.ಮೀ. ಹುಲಿಯ ಮೈಮೇಲಿನ ಪಟ್ಟೆಗಳಂತೆ ಕಂಡಿದ್ದರಿಂದ ಅವಕ್ಕೆ ಹುಲಿಪಟ್ಟೆ ಎಂಬ ಅಡ್ಡಹೆಸರು ಬಂತು. ಆ ಬಿರುಕುಗಳು ಸುತ್ತಲಿನ ಹಿಮಕ್ಕಿಂತ ಬಿಸಿಯಾಗಿವೆ ಎಂದು ತೋರಿಸಿದ್ದು ನೌಕೆಯ ಇನ್‌ಫ್ರಾರೆಡ್ ಉಪಕರಣ. ಹರ್ಷೆಲ್ ಥರ್ಮಾಮೀಟರ್ ಇಟ್ಟು ಕಂಡ ಅದೇ ಕಾಣದ ಬೆಳಕು. ಅದೇ ನವೆಂಬರ್‌ನಲ್ಲಿ ಸೂರ್ಯ ಹಿಂದಿರುವಂತೆ ತೆಗೆದ ಚಿತ್ರಗಳಲ್ಲಿ ಕಾರಂಜಿಗಳು ಸಾಲಾಗಿ ಹೊಳೆದವು. ಮುಂದೆ ಎಣಿಸಿದಾಗ ಅಂಥ 101 ಚಿಲುಮೆಗಳು ಸಿಕ್ಕವು.

ಇಷ್ಟು ಚಳಿಯಲ್ಲಿ ನೀರು ಹೇಗೆ? ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಾಗುವ ಜಾಗ ಬಿಸಿಯಾಗುತ್ತದೆ. ಇಲ್ಲಿ ನಡೆಯುವುದೂ ಅದೇ. ಎನ್ಸೆಲಾಡಸ್ ಸುಮಾರು 33 ಗಂಟೆಗೊಮ್ಮೆ ಶನಿಯನ್ನು ಸುತ್ತುತ್ತದೆ. ಡಿಯೋನೆ ಎಂಬ ಇನ್ನೊಂದು ಚಂದ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಇದು ಎರಡು ಸುತ್ತು ಹಾಕುತ್ತದೆ. ಡಿಯೋನೆಯ ಈ ತಾಳಬದ್ಧ ಎಳೆತದಿಂದ ಎನ್ಸೆಲಾಡಸ್‌ನ ದಾರಿ ಪೂರ್ತಿ ವೃತ್ತವಾಗದೆ ಸ್ವಲ್ಪ ಉದ್ದಕ್ಕೆ ಎಳೆದಂತಿದೆ. ಶನಿಯ ಹತ್ತಿರ ಬಂದಾಗ ಹೆಚ್ಚು ಎಳೆತ, ದೂರ ಹೋದಾಗ ಕಡಿಮೆ. ಹೀಗೆ ಹಿಸುಕಿಸಿಕೊಂಡು ಒಡಲು ಬಿಸಿಯಾಗಿ, ಹಿಮದ ಚಿಪ್ಪಿನ ಕೆಳಗೆ ಇಡೀ ಚಂದ್ರನನ್ನು ಸುತ್ತುವರಿದ ಉಪ್ಪುನೀರಿನ ಸಾಗರ ಉಳಿದಿದೆ. ದಕ್ಷಿಣ ಧ್ರುವದಲ್ಲಿ ಚಿಪ್ಪು ತೆಳು. ಬಿರುಕಿನಿಂದ ನೀರು ಮೇಲೆ ಬಂದು ಗಂಟೆಗೆ ಸುಮಾರು 1,300 ಕಿ.ಮೀ. ವೇಗದಲ್ಲಿ ಚಿಮ್ಮುತ್ತದೆ. ಎಟ್ನಾದಲ್ಲಿ ಲಾವಾ, ಇಲ್ಲಿ ಹಿಮ. ಕೆಲವಷ್ಟು ಮತ್ತೆ ಹಿಮವಾಗಿ ಸುರಿಯುತ್ತದೆ, ಉಳಿದದ್ದು ಶನಿಯ ಸುತ್ತ ಒಂದು ಅಗಲವಾದ ಉಂಗುರವನ್ನೇ ಕಟ್ಟಿದೆ.

ಕ್ಯಾಸಿನಿ ಆ ಚಿಲುಮೆಗಳ ಒಳಗೇ ಹಾರಿ ರುಚಿ ನೋಡಿತು. ಉಪ್ಪು, ಇಂಗಾಲದ ಸಂಯುಕ್ತಗಳು, ಹೈಡ್ರೋಜನ್ ಸಿಕ್ಕವು. ಸಾಗರತಳದಲ್ಲಿ ಬಿಸಿನೀರಿನ ಬುಗ್ಗೆಗಳಿವೆ ಎಂಬುದಕ್ಕೆ ಸೂಚನೆ ಸಿಕ್ಕಿತು. ಅದು ಕೊಟ್ಟ ಮಾಹಿತಿಯಲ್ಲೇ ರಂಜಕದ ಅಂಶ ಇರುವುದೂ 2023ರಲ್ಲಿ ಪ್ರಕಟವಾಯಿತು. ಜೀವಕ್ಕೆ ಬೇಕಾದ ಸಾಮಗ್ರಿ ಇದೆ, ಜೀವ ಇದೆಯೇ ಎಂಬುದು ಇನ್ನೂ ಪ್ರಶ್ನೆ. ಕ್ಯಾಸಿನಿ ತಪ್ಪಿ ಬಂದು ಬಡಿದು ಅಲ್ಲಿ ಭೂಮಿಯ ಸೂಕ್ಷ್ಮಾಣು ಬಿಡದಿರಲೆಂದು, 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಯ ವಾತಾವರಣಕ್ಕೇ ಇಳಿಸಿ ಸುಟ್ಟರು.

ಅಣ್ಣ ತಂಗಿ ಮತ್ತೆ ಜೊತೆಯಾದಾಗ

ಎನ್ಸೆಲಾಡಸ್ ಮೇಲಿನ ಜಾಗಗಳಿಗೆ ಹೆಸರಿಡುವಾಗ ಖಗೋಳಜ್ಞರು ಆರಿಸಿಕೊಂಡಿದ್ದು ಅರೇಬಿಯನ್ ನೈಟ್ಸ್ ಪುಸ್ತಕವನ್ನು. ಹುಲಿಪಟ್ಟೆಗಳ ಹೆಸರು ಬಾಗ್ದಾದ್, ಡಮಾಸ್ಕಸ್, ಕೈರೋ, ಅಲೆಕ್ಸಾಂಡ್ರಿಯಾ. ಕನ್ನಡಿ ಉಜ್ಜುತ್ತಿದ್ದ ಅಣ್ಣನಿಗೆ ಕ್ಯಾರೋಲಿನ್ ಓದಿ ಹೇಳುತ್ತಿದ್ದ ಅದೇ ಕಥೆಗಳ ಲೋಕ.

2009ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಒಂದು ಇನ್‌ಫ್ರಾರೆಡ್ ದೂರದರ್ಶಕವನ್ನು ಆಕಾಶಕ್ಕೆ ಕಳಿಸಿ, ಅದಕ್ಕೆ ಹರ್ಷೆಲ್ ಎಂದು ಹೆಸರಿಟ್ಟಿತು. ಆ ಹೆಸರು ವಿಲಿಯಂ ಮತ್ತು ಕ್ಯಾರೋಲಿನ್ ಇಬ್ಬರ ನೆನಪಿಗೆ. 2011ರಲ್ಲಿ ಅದು ಕಂಡಿದ್ದೇನು ಗೊತ್ತೇ? ಎನ್ಸೆಲಾಡಸ್ ಉಗುಳಿದ ನೀರಾವಿ ಶನಿಯ ಸುತ್ತ ದೊಡ್ಡ ಬಳೆಯಂತೆ ಹರಡಿಕೊಂಡಿದೆ, ಅದರಲ್ಲಿ ಸ್ವಲ್ಪ ಶನಿಯ ಮೇಲೇ ಮಳೆಯಂತೆ ಬೀಳುತ್ತಿದೆ.

2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಕೂಡ ಇನ್‌ಫ್ರಾರೆಡ್‌ನಲ್ಲೇ ಈ ಚಂದ್ರನನ್ನು ನೋಡಿತು. ಆವಿಯ ಗರಿ 9,600 ಕಿ.ಮೀ.ಗೂ ಉದ್ದಕ್ಕೆ ಚಾಚಿತ್ತು. ಸೆಕೆಂಡಿಗೆ ಸುಮಾರು 300 ಲೀಟರ್ ನೀರು. ಒಲಿಂಪಿಕ್ ಈಜುಕೊಳ ತುಂಬಲು ಎರಡು ಮೂರು ಗಂಟೆ ಸಾಕು.

ಚಂದ್ರನ ಮೇಲೆ ಬೆಂಕಿ ಕಂಡೆ ಎಂದ ಹರ್ಷೆಲ್ ವರದಿ ಇಂದು ಇತಿಹಾಸದ ಕುತೂಹಲ ಮಾತ್ರ. ಶನಿಯ ಪಕ್ಕದ ಚುಕ್ಕಿಯ ಬಗ್ಗೆ ಅವರು ಯಾವ ಕಥೆಯನ್ನೂ ಕಟ್ಟಲಿಲ್ಲ. ಯಾವಾಗ ಕಂಡಿತು, ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ ಒಂದು ಸುತ್ತು ಹಾಕುತ್ತದೆ ಎಂದಷ್ಟೇ ಲೆಕ್ಕ ಇಟ್ಟರು. ಮುಂದಿನವರಿಗೆ ಬೇಕಾಗಿದ್ದೂ ಅದೇ.